ತುದಿಯೊಂದನ್ನು ಬಿಟ್ಟು ಉಳಿದೆಲ್ಲ ಸ್ವದೇಶಿ

ಬಾಲ್ ಪೆನ್ನಿನ ಶಾಯಿಗೆ ವಾಸನೆ ಇದೆ ಎಂದರೆ ಈಗಿನವರು ನಂಬುವುದಿಲ್ಲ. ಹೋದ ವಾರ ನಾಸಿಕದ ಬ್ಯಾಂಕೊಂದರಲ್ಲಿ ದಾರ ಕಟ್ಟಿ ನೇತುಹಾಕಿದ್ದ ಪೆನ್ನು ಸೆಕೆಗೆ ಕಾರಿಕೊಂಡು ನನ್ನ ಬೆರಳಿಗೆಲ್ಲ ಮೆತ್ತಿತು. ಮೂಗಿನ ಹತ್ತಿರ ಹಿಡಿದೆ. ಹರಳೆಣ್ಣೆಯ ಜಿಡ್ಡು, ಕೆಮ್ಮಿನ ಔಷಧದ ಸಿಹಿ, ಅದರ ಹಿಂದೆ ಕಾದ ಪ್ಲಾಸ್ಟಿಕ್ಕಿನ ಒಂದು ಎಳೆ. ಗೋಡೆಯ ಮೇಲಿನ ಟೀವಿಯಲ್ಲಿ ಕೋಟು ತೊಟ್ಟ ನಾಲ್ವರು ಆಮದು ಸುಂಕದ ಬಗ್ಗೆ ಜಗಳವಾಡುತ್ತಿದ್ದರು. ಸುಂಕ ಏರಿಸಿದರೆ ದೇಶದ ಕಾರ್ಖಾನೆಗಳು ಅರಳುತ್ತವೆ ಎಂದು ಇಬ್ಬರು, ಬಾಡುತ್ತವೆ ಎಂದು ಇಬ್ಬರು. ನಾಲ್ವರಲ್ಲಿ ಒಬ್ಬರ ಬೆರಳಿಗೂ ಶಾಯಿ ತಾಗಿದ ಗುರುತಿರಲಿಲ್ಲ. ನನಗೋ ಆ ವಾಸನೆಯ ಹಿಂದೆಯೇ ಇದೇ ಊರಿನ ಸಾತಪುರದ ತಗಡಿನ ಶೆಡ್ಡು ಬಂತು, ಶೆಡ್ಡಿನ ಬೆನ್ನಿಗೆ ಅಂಟಿಕೊಂಡಿದ್ದ ನಮ್ಮ ನಾಲ್ಕು ಕೋಣೆಯ ಮನೆ ಬಂತು, ಜೋಳದ ರೊಟ್ಟಿ ಬಡಿಯುವ ಸದ್ದೂ ಪೆನ್ನಿನ ಕೊಳವೆ ಎರೆಯುವ ಯಂತ್ರದ ಸದ್ದೂ ಒಂದರೊಳಗೊಂದು ಬೆರೆಯುತ್ತಿದ್ದ ಬೆಳಗುಗಳು ಬಂದವು. ಈಗ ಅಲ್ಲಿ ಕಾರು ತೊಳೆಯುವ ಅಂಗಡಿಯಿದೆ. ನಿಮ್ಮ ಬಾಲ್ಯದ ಮನೆಯ ಜಾಗದಲ್ಲೂ ಇಂಥದೇ ಏನಾದರೊಂದು ಇರುತ್ತದೆ. ಹೆಚ್ಚು ವಿವರಿಸುವ ಅಗತ್ಯ ಕಾಣುವುದಿಲ್ಲ.

ಶೆಡ್ಡಿನ ಒಡೆಯರು ನಮ್ಮ ದೊಡ್ಡಪ್ಪ, ಭಾಲ್ಕಿಯ ಶಿವಶರಣಪ್ಪನವರು. ಹಣೆಗೆ ಮೂರು ಬೆರಳಿನ ವಿಭೂತಿ, ಮೈಗೆ ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ತಮ್ಮದೇ ಕಾರ್ಖಾನೆಯ ಮೂರು ಪೆನ್ನು. ಪೆನ್ನಿನ ಹೆಸರು 'ದೇಶಾಭಿಮಾನ'. ಕೊಳವೆ ನಮ್ಮ ಶೆಡ್ಡಿನಲ್ಲೇ ಎರಕವಾಗುತ್ತಿತ್ತು, ಮುಚ್ಚಳವೂ ನಮ್ಮದೇ, ಶಾಯಿ ಮುಂಬಯಿಯದು. ಕಾಗದಕ್ಕೆ ತಾಗುವ ಗುಂಡು ಕೂತ ತುದಿ ಮಾತ್ರ ಸಮುದ್ರದಾಚೆಯಿಂದ ಸಣ್ಣ ಸಣ್ಣ ಪೊಟ್ಟಣಗಳಲ್ಲಿ ಬರುತ್ತಿತ್ತು. ಅಂದರೆ, ಬರೆಯುವ ಭಾಗವೊಂದನ್ನು ಬಿಟ್ಟರೆ ನಮ್ಮ ಪೆನ್ನು ಸಂಪೂರ್ಣ ಸ್ವದೇಶಿ. ಡಬ್ಬಿಯ ಮೇಲೆ ಈ ಮಾತಿನ ಕೊನೆಯ ಎರಡು ಪದಗಳನ್ನು ಮಾತ್ರ ಅಚ್ಚು ಹಾಕಿಸಿದ್ದರು. ಅಪ್ಪ ಅವರ ತಮ್ಮ. ಬೇರೊಂದು ಕಂಪನಿಯಲ್ಲಿ ಗುಮಾಸ್ತ. ಭಾರಿ ಭಾರಿ ಪದಗಳ ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ, ಅಣ್ಣನೆದುರು ಮಾತ್ರ ಮೇಲೇಳದ ತಲೆ.

ಇವರಿಬ್ಬರ ತಂಗಿ ನೀಲಮ್ಮತ್ತೆ. ಗಂಡ ಇನ್ನೊಂದು ಮದುವೆಯಾದ ಮೇಲೆ ಒಂದು ಟ್ರಂಕು ಹಿಡಿದು ಭಾಲ್ಕಿಯಿಂದ ನಾಸಿಕಕ್ಕೆ ಬಂದವಳು. ತವರಿಗೆ ಮರಳಿದ ಹೆಣ್ಣು ಮೂಲೆಯಲ್ಲಿ ಕೂತು ತಲೆ ತಗ್ಗಿಸಿ ಉಣ್ಣುವುದು ಆ ಕಾಲದ ವಾಡಿಕೆ. ಅತ್ತೆ ತಲೆಯೆತ್ತಿ ಉಣ್ಣುತ್ತಿದ್ದಳು, ಯಾಕೆಂದರೆ ಶೆಡ್ಡಿನಲ್ಲಿ ಅವಳಿಗೊಂದು ಕುರ್ಚಿಯಿತ್ತು. ತಯಾರಾದ ಪ್ರತಿ ಪೆನ್ನೂ ಅವಳ ಕೈಗೆ ಬರಬೇಕು; ಅವಳು ಬರೆದು ನೋಡಿ ಪಾಸು ಮಾಡಿದ್ದೇ ಡಬ್ಬಿಗೆ, ಉಳಿದದ್ದು ತಗಡಿನ ಬುಟ್ಟಿಗೆ. ಪರೀಕ್ಷೆಗೆ ಅವಳು ಬರೆಯುತ್ತಿದ್ದುದು ಕನ್ನಡ ಅಕ್ಷರ. ಮರಾಠಿಯ ನೆಟ್ಟಗಿನ ಗೀಟು ಎಂಥ ಕೆಟ್ಟ ಪೆನ್ನಿನಲ್ಲೂ ಮೂಡುತ್ತದೆ, ಗುಂಡು ಎಲ್ಲಿ ತೊಡಕುತ್ತದೆ ಎಂಬುದು ಮಾತ್ರ ನಮ್ಮ ಠ, ಈ, ಭ ಬರೆದರೇ ಗೊತ್ತಾಗುವುದು ಎಂಬುದು ಅವಳ ಸಿದ್ಧಾಂತ. ಠದ ಸುತ್ತು ಮುಗಿಯುವವರೆಗೆ ಗೆರೆ ಕಡಿಯದಿದ್ದರೆ ಪಾಸು. ಆ ಹಾಳೆಗಳು ಕಟ್ಟುಕಟ್ಟಾಗಿ ಮನೆಗೆ ಬಂದು ಒಲೆ ಹೊತ್ತಿಸುವುದಕ್ಕೂ ನಮ್ಮ ಪುಸ್ತಕಗಳ ಹೊದಿಕೆಗೂ ಆಗುತ್ತಿದ್ದವು. ಮರಾಠಿ ಶಾಲೆಗೆ ಹೋಗುತ್ತಿದ್ದ ನಾನು ಕನ್ನಡ ಓದಲು ಕಲಿತದ್ದು ಹಾಗೆ: ಇತಿಹಾಸದ ಪುಸ್ತಕದ ಬೆನ್ನಿನ ಮೇಲೆ ಸಾಲಾಗಿ ನೂರು ಠ, ಅವುಗಳ ಕೆಳಗೆ ಅತ್ತೆಗೆ ಬೇಸರ ಬಂದಾಗ ಬರೆದ ಭಾಲ್ಕಿ, ಭಾಲ್ಕಿ, ಭಾಲ್ಕಿ.

ನಾನು ಆರನೆಯ ತರಗತಿಯಲ್ಲಿದ್ದಾಗ ಮಾರುಕಟ್ಟೆಗೆ ಹೊರದೇಶದ ಪೆನ್ನುಗಳು ಬಂದವು. ನಮ್ಮದಕ್ಕಿಂತ ಅಗ್ಗ, ನಮ್ಮದಕ್ಕಿಂತ ಚೆಂದ, ಮುಚ್ಚಳ ಹಾಕಿದರೆ ಟಿಕ್ಕೆನ್ನುವ ಸುಖ ಬೇರೆ. ದೊಡ್ಡಪ್ಪನಿಗೆ ರಾತ್ರೋರಾತ್ರಿ ದೇಶದ ಚಿಂತೆ ಹತ್ತಿತು. ಭಾನುವಾರ ಊಟದ ಹೊತ್ತಿಗೆ ಅಪ್ಪನನ್ನು ಕೂಡಿಸಿಕೊಂಡು ದಿಲ್ಲಿಗೊಂದು ಮನವಿ ಬರೆಸಿದರು. ಹೊರಗಿನ ಪೆನ್ನುಗಳ ಮೇಲೆ ಭಾರಿ ಸುಂಕ ಹಾಕಬೇಕು. ಅಷ್ಟಕ್ಕೇ ನಿಲ್ಲಿಸಿದ್ದರೆ ದೇಶಾಭಿಮಾನಕ್ಕೆ ಗಾತ್ರ ಸಾಲದು ಅನ್ನಿಸಿತೋ ಏನೋ, 'ಪೆನ್ನುಗಳ ಹಾಗೂ ಅವುಗಳ ಸಮಸ್ತ ಬಿಡಿಭಾಗಗಳ ಮೇಲೆ' ಎಂದು ಸೇರಿಸಲು ಹೇಳಿದರು. ಅಪ್ಪ ಸಮಸ್ತದ ಕೆಳಗೆ ಗೆರೆ ಎಳೆದು, ದೂರ ಹಿಡಿದು ನೋಡಿ, ತಾವೇ ಮೆಚ್ಚಿಕೊಂಡರು. ಮಜ್ಜಿಗೆ ಬಡಿಸುತ್ತಿದ್ದ ಅತ್ತೆ ತಂಬಿಗೆಯನ್ನು ಹಾಗೇ ಹಿಡಿದು ನಿಂತಳು.

"ಅಣ್ಣಾ, ನಮ್ಮ ತುದಿ ಎಲ್ಲಿಂದ ಬರ್ತಾವ್ರಿ?"

ದೇಶದ ಭವಿಷ್ಯ ಬರೆಯುವಾಗ ಮಜ್ಜಿಗೆ ಬಡಿಸುವವರ ಪ್ರಶ್ನೆಗೆ ಉತ್ತರ ಕೊಡುವ ಪದ್ಧತಿ ನಮ್ಮಲ್ಲಿರಲಿಲ್ಲ. ದೊಡ್ಡಪ್ಪ ಇನ್ನಷ್ಟು ಮಜ್ಜಿಗೆ ಹಾಕೆಂದು ಬಟ್ಟಲು ಮುಂದೆ ಒಡ್ಡಿದರು, ಮನವಿ ಅಂಚೆಗೆ ಹೋಯಿತು.

ಮುಂದಿನ ಬಜೆಟ್ಟಿನಲ್ಲಿ ಸುಂಕ ಏರಿತು, ಪೆನ್ನಿಗೂ, ಸಮಸ್ತಕ್ಕೂ. ನಮ್ಮ ಪತ್ರವಿಲ್ಲದೆಯೂ ದಿಲ್ಲಿ ಈ ಕೆಲಸ ಮಾಡಬಲ್ಲದು ಎಂಬುದನ್ನು ಮನೆಯಲ್ಲಿ ಯಾರೂ ಒಪ್ಪಲಿಲ್ಲ. ದೊಡ್ಡಪ್ಪ ಯಂತ್ರಕ್ಕೆ ಮಾಲೆ ಹಾಕಿ ಓಣಿಗೆಲ್ಲ ಪೇಡೆ ಹಂಚಿದರು. ಹೊರಗಿನ ಪೆನ್ನಿನ ಬೆಲೆ ಏರಿದ ವಾರದಲ್ಲೇ 'ದೇಶಾಭಿಮಾನ'ದ ಬೆಲೆಯೂ ಅಷ್ಟೇ ಏರಿತು. ಪೆನ್ನಿನೊಳಗೆ ಏನೂ ಬದಲಾಗಿರಲಿಲ್ಲ. ಹಳೆಯ ಕೊಳವೆ, ಹಳೆಯ ಶಾಯಿ, ಹಳೆಯ ದಾಸ್ತಾನಿನ ತುದಿ. ಪಕ್ಕದ ಅಂಗಡಿಯ ಪೆನ್ನು ತುಟ್ಟಿಯಾಯಿತು, ನಮ್ಮದೂ ಆಯಿತು, ಅಷ್ಟೇ ಅದರ ಅರ್ಥಶಾಸ್ತ್ರ. ಶಾಲೆಯ ಮಕ್ಕಳು ಹೆಚ್ಚು ಕೊಟ್ಟು ಅದೇ ಪೆನ್ನು ಕೊಂಡರು. ಇದನ್ನು ದೊಡ್ಡಪ್ಪ ದೇಶೀಯ ಉದ್ಯಮದ ಪುನರುತ್ಥಾನ ಎಂದು ಕರೆದರು. ಆರೇಳು ತಿಂಗಳು ಪುನರುತ್ಥಾನವೇನೋ ಚೆನ್ನಾಗಿಯೇ ನಡೆಯಿತು. ಮನೆಗೆ ಫ್ರಿಜ್ಜು ಬಂತು.

ಆಮೇಲೆ ತುದಿಗಳ ದಾಸ್ತಾನು ಮುಗಿಯಿತು. ಹೊಸ ಪೊಟ್ಟಣಗಳಿಗೆ ಸುಂಕ ಸೇರಿದ ಬೆಲೆ ಕೇಳಿ ದೊಡ್ಡಪ್ಪ ಎರಡು ದಿನ ಲೆಕ್ಕದ ಪುಸ್ತಕ ತಿರುವಿಹಾಕಿದರು. ಮೂರನೆಯ ದಿನ ಎಲ್ಲಿಂದಲೋ ಅಗ್ಗದ ದೇಸಿ ತುದಿಗಳ ಚೀಲವೊಂದು ಬಂತು. ಪೆನ್ನು ಈಗ ನಿಜವಾಗಿಯೂ ಸಂಪೂರ್ಣ ಸ್ವದೇಶಿಯಾಗಿತ್ತು, ಬರೆಯುತ್ತಿರಲಿಲ್ಲ ಅಷ್ಟೇ. ಚಳಿಗೆ ಕಾಗದ ಕೆರೆಯುವುದು, ಬಿಸಿಲಿಗೆ ಕಾರುವುದು. ಚಾಂದವಡದ ಈರುಳ್ಳಿ ವ್ಯಾಪಾರಿಯೊಬ್ಬನ ಹೊಸ ಅಂಗಿಯ ಜೇಬು ಅಂಗೈಯಗಲ ನೀಲಿಯಾಗಿ, ಅವನು ಅಂಗಿಯನ್ನೇ ಪಾರ್ಸೆಲ್ ಮಾಡಿ ಕಳಿಸಿದ. ಸಿಲ್ಲೋಡಿನ ಅಂಗಡಿಯವ ಡಬ್ಬಿ ಒಡೆಯದೆ ಹಿಂದಿರುಗಿಸಿದ. ನನ್ನ ತರಗತಿಯಲ್ಲಿ ಜೇಬು ನೀಲಿಯಾದವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಿದ್ದರು. ಶೆಡ್ಡಿನಲ್ಲಿ ಅತ್ತೆಯ ತಗಡಿನ ಬುಟ್ಟಿ ಮಧ್ಯಾಹ್ನದೊಳಗೆ ತುಂಬತೊಡಗಿತು. ಡಬ್ಬಿಗಳು ಸಂಜೆಯಾದರೂ ಖಾಲಿ. ಅವಳ ಹಾಳೆಗಳಲ್ಲಿ ಠ ಈಗ ಅರ್ಧ ಸುತ್ತಿಗೇ ಕಡಿದು ನಿಲ್ಲುತ್ತಿತ್ತು.

ದೊಡ್ಡಪ್ಪ ಮೊದಲು ನಯವಾಗಿ ಹೇಳಿದರು, ಆಮೇಲೆ ಅಪ್ಪನಿಂದ ಹೇಳಿಸಿದರು, ಆಮೇಲೆ ಒಂದು ಬೆಳಿಗ್ಗೆ ಶೆಡ್ಡಿನಲ್ಲಿ ಕೆಲಸದವರೆಲ್ಲರ ಮುಂದೆ ಅವಳ ಮೇಜಿನ ಬಳಿ ಬಂದು ನಿಂತರು. ಶಾಲೆಗೆ ಹೊರಟ ನಾನು ಊಟದ ಡಬ್ಬಿಗೆ ಕಾಯುತ್ತ ಬಾಗಿಲಲ್ಲಿದ್ದೆ.

"ನೀಲಮ್ಮ, ನೀ ಪರೀಕ್ಷಾ ಮಾಡ್ಲಾಕತ್ತಿದ್ದು ಪೆನ್ನಿಂದೋ, ನನ್ನ ತಾಳ್ಮಿದೋ?"

"ಪೆನ್ನಿಂದ್ರಿ ಅಣ್ಣಾ. ನಿಮ್ಮ ತಾಳ್ಮಿ ಯಾವಾಗೋ ಫೇಲ್ ಆಗ್ಯದ."

ಕೆಲಸದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ದೊಡ್ಡಪ್ಪ ದನಿ ತಗ್ಗಿಸಿ, ಸುಮ್ಮನೆ ಪಾಸು ಮಾಡು, ಹತ್ತು ಮಂದಿಯ ಹೊಟ್ಟೆಯ ಪ್ರಶ್ನೆ ಎಂದರು. ದೇಶವೂ ಒಮ್ಮೆ ಬಂದುಹೋಯಿತು. ಅತ್ತೆ ಬುಟ್ಟಿಯಿಂದ ಒಂದು ಪೆನ್ನು ತೆಗೆದು ಹಾಳೆಯನ್ನು ಅವರತ್ತ ಸರಿಸಿದಳು.

"ನೀವ ಒಂದು ಠ ಬರೀರಿ. ಬಂದ್ರ ಎಲ್ಲಾ ಪಾಸ್ ಮಾಡ್ತೀನಿ."

ದೊಡ್ಡಪ್ಪ ಬರೆಯಲಿಲ್ಲ. ಮರುದಿನದಿಂದ ಪರೀಕ್ಷೆಯೇ ರದ್ದಾಯಿತು, ಗಿರಾಕಿ ಹೇಗೂ ಕೊಳ್ಳುವಾಗ ಗೀಚಿ ನೋಡುತ್ತಾನೆ ಎಂಬ ಘನವಾದ ಕಾರಣಕ್ಕೆ. ಕುರ್ಚಿ ಕಚೇರಿಯೊಳಗೆ ಹೋಯಿತು, ಅತ್ತೆ ಅಡುಗೆಮನೆಯೊಳಗೆ. ಅವಳು ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಆ ವಾರದಿಂದ ಎಲ್ಲರ ಊಟವಾದ ಮೇಲೆ, ಬೆನ್ನು ತಿರುಗಿಸಿ, ಒಲೆಯ ಕಡೆ ಮುಖ ಮಾಡಿ ಉಣ್ಣತೊಡಗಿದಳು. ನಮ್ಮ ಪುಸ್ತಕಗಳಿಗೆ ಅಂಗಡಿಯ ಕಂದು ಕಾಗದದ ಹೊದಿಕೆ ಬಂತು. ನನ್ನ ತಮ್ಮನಿಗೆ ಇವತ್ತಿಗೂ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ.

ಪರೀಕ್ಷೆಯಿಲ್ಲದ ಪೆನ್ನು ಒಂದು ವರ್ಷವೂ ಬಾಳಲಿಲ್ಲ. ಯಂತ್ರ ಗುಜರಿಗೆ ಹೋಯಿತು, ಕೆಲಸದವರು ದ್ರಾಕ್ಷಿ ತೋಟಗಳಿಗೆ ಹೋದರು. ಮುಂದೆ ಸುಂಕ ಇಳಿದಾಗ ದೊಡ್ಡಪ್ಪ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದಾಗಿರುವ ಊರಿಗೆ ಮನೆ ಬದಲಿಸಿ, ಅದೇ ಹೊರದೇಶದ ಪೆನ್ನುಗಳ ಸಗಟು ಏಜೆಂಟರಾದರು. ವಿಭೂತಿ ಅದೇ, ಅಂಗಿ ಅದೇ. ಸುಂಕವನ್ನು ಪೂರ್ತಿ ತೆಗೆಯಬೇಕು, ಇಲ್ಲವಾದರೆ ಬಡ ವಿದ್ಯಾರ್ಥಿಗಳ ಗತಿಯೇನು ಎಂದು ದಿಲ್ಲಿಗೆ ಮತ್ತೊಂದು ಮನವಿ ಹೋಯಿತು. ಅದನ್ನೂ ಅಪ್ಪನೇ ಬರೆದರು, ಅಷ್ಟೇ ಭಾವಪರವಶರಾಗಿ. ಅತ್ತೆಯನ್ನು ಅಡುಗೆಗೆಂದು ಜೊತೆಗೆ ಕರೆದೊಯ್ದಿದ್ದರು. ಅಣ್ಣನ ಮನೆಯಲ್ಲಿ ಸುಖವಾಗಿದ್ದಾಳೆ ಎಂದು ನಾವು ಹೇಳಿಕೊಳ್ಳುತ್ತಿದ್ದೆವು. ಇಪ್ಪತ್ತೈದು ವರ್ಷ ಹಾಗೆ ಹೇಳಿಕೊಂಡೆವು.

ಮೂರು ವರ್ಷದ ಹಿಂದೆ ಅವಳಿಗೆ ಉಸಿರು ಕಟ್ಟತೊಡಗಿದೆ ಎಂದು ಫೋನು ಬಂದು, ಬಸ್ಸು ಹಿಡಿದು ಹೋದೆ. ಆಸ್ಪತ್ರೆಯ ಕೌಂಟರಿನಲ್ಲಿ ಅತ್ತೆ ಗಾಲಿಕುರ್ಚಿಯಲ್ಲಿದ್ದಳು. ಎಂಬತ್ತು ದಾಟಿದ ದೊಡ್ಡಪ್ಪ ಕೋಲೂರಿ ಪಕ್ಕದಲ್ಲಿದ್ದರು. ಕಂಪ್ಯೂಟರಿನ ಹಿಂದಿನ ಹುಡುಗಿ ಹೆಸರು ಕೇಳಿದಳು, ವಯಸ್ಸು ಕೇಳಿದಳು, ಆಮೇಲೆ ತಲೆಯೆತ್ತದೆ, ಪೇಶಂಟ್ ಏನು ಕೆಲಸ ಮಾಡುತ್ತಾರೆ ಎಂದು ಮರಾಠಿಯಲ್ಲಿ ಕೇಳಿದಳು.

"ಕಾಹೀ ನಾಹೀ," ಎಂದರು ದೊಡ್ಡಪ್ಪ. ಏನೂ ಇಲ್ಲ. "ಘರೀಚ್ ಅಸತೇ." ಮನೆಯಲ್ಲೇ ಇರುತ್ತಾಳೆ.

ನಾನು ಬಾಯಿ ತೆರೆದೆ. ಅತ್ತೆ ನನ್ನ ಮಣಿಕಟ್ಟು ಹಿಡಿದಳು, ಕೈ ತಣ್ಣಗಿತ್ತು.

"ಬಿಡವ್ವಾ. ಈ ಸಾರಿ ಅಣ್ಣ ಖರೇನ ಹೇಳ್ಯಾರ."

ಗಾಲಿಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದರು. ನಾಲ್ಕನೆಯ ದಿನ ಅವಳು ತೀರಿಕೊಂಡಳು. ಆಸ್ಪತ್ರೆಗೆ ಸೇರಿಸಿದ ದಿನ ಕೌಂಟರಿನಲ್ಲಿ ನನ್ನ ಕೈಗೆ ಕೊಟ್ಟ ಚೀಟಿಯಲ್ಲಿ, ಉದ್ಯೋಗ ಎಂಬಲ್ಲಿ, ಒಂದು ಅಡ್ಡಗೀಟು ಮುದ್ರಣವಾಗಿತ್ತು. ಅಲ್ಲೇ ನಿಂತು ತಿದ್ದಿಸಬಹುದಿತ್ತು. ಹುಡುಗಿ ಬೇಡ ಅನ್ನುತ್ತಿರಲಿಲ್ಲ. ನನಗೆ ಆಗ ನಲವತ್ತು ದಾಟಿತ್ತು. ಆದರೆ ದೊಡ್ಡಪ್ಪನೆದುರು ಮಾತಾಡುವ ರೂಢಿ ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಇತ್ತು.