ದೀಪ ಹಚ್ಚಿದ ಮೇಲೆ ಕೇಳಿದ ಉಪ್ಪು

ಮಸ್ಕಿಯಲ್ಲಿ ನಾವಿದ್ದ ಮನೆಗೂ ಆಚೆಮನೆಗೂ ನಡುವೆ ಒಂದೇ ಗೋಡೆ. ಮೊಳ ದಪ್ಪದ ಮಣ್ಣಿನ ಗೋಡೆ. ನಮ್ಮ ಕಡೆ ಜೋಳ ತುಂಬಿಡುವ ಗುಮ್ಮಿಯ ಮಗ್ಗುಲಿಗೆ, ಅವರ ಕಡೆ ಒಲೆಯ ಪಕ್ಕಕ್ಕೆ, ಸೊಂಟದೆತ್ತರದಲ್ಲಿ ಒಂದು ಕಂಡಿ ಇತ್ತು. ಬಟ್ಟಲು ಹಿಡಿದ ಕೈ ಹೋಗಿ ಬರುವಷ್ಟು ದೊಡ್ಡದು. ಮನೆ ಕಟ್ಟಿದವರು ಬಿಟ್ಟ ಕಂಡಿಯಲ್ಲ ಅದು. ನಾನು ಮತ್ತು ಆಚೆಮನೆಯ ಸೊಸೆ ಸೇರಿ ಕೊರೆದದ್ದು.

ನಲವತ್ತೆಂಟರ ಮಾತು. ನಿಜಾಮರ ಆಳಿಕೆ ಮುಗಿಯಲು ಕೆಲವೇ ತಿಂಗಳು ಉಳಿದಿದ್ದವು. ಆದರೆ ಅದು ಆಗ ನಮಗೇನು ಗೊತ್ತು? ಹತ್ಯಾರ ಹಿಡಿದವರು ಊರೂರು ತಿರುಗುತ್ತಿದ್ದಾರೆ ಎಂಬ ಸುದ್ದಿ ಬಂದು, ನಮ್ಮ ಓಣಿಯ ಗಂಡಸರಲ್ಲಿ ಬಹಳ ಮಂದಿ ಗಡಿ ದಾಟಿ ಹೋಗಿದ್ದರು. ನಮ್ಮ ಮನೆಯವರು ಕಿರಾಣಿ ಅಂಗಡಿಗೆ ಕೀಲಿ ಹಾಕಿ ಹೋದರು. ಆಚೆಮನೆಯಾಕೆಯ ಗಂಡ ಹೊಲ ಬೀಳು ಬಿಟ್ಟು ಹೋದ. ನನಗೆ ಇಪ್ಪತ್ತೆರಡು ವರ್ಷ, ಎರಡು ಸಣ್ಣ ಮಕ್ಕಳು. ಆಕೆಗೆ ಹದಿನೆಂಟು ಇದ್ದೀತು. ಸಾಲಗುಂದದಿಂದ ಸೊಸೆಯಾಗಿ ಬಂದು ಎರಡನೇ ವರ್ಷ. ಆ ಮನೆಯಲ್ಲಿ ಆಕೆ ಮತ್ತು ಆಕೆಯ ಅತ್ತೆ, ಇಬ್ಬರೇ. ನಾನು ಆಕೆಯನ್ನು ತಂಗಿ ಎನ್ನುತ್ತಿದ್ದೆ, ಆಕೆ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಅಷ್ಟೇ ನಮ್ಮ ಸಂಬಂಧ.

ಬಾಗಿಲು ತೆಗೆದು ಓಣಿಗೆ ಕಾಲಿಡಲು ಅಂಜಿಕೆ. ಒಲೆಯ ಕೆಂಡ ಆರಿದರೆ, ಮಗುವಿಗೆ ಜ್ವರ ಬಂದರೆ, ಯಾರನ್ನು ಕರೆಯುವುದು? ಅದಕ್ಕೇ ಕಂಡಿ ಕೊರೆಯಲು ಕೂತೆವು. ಸದ್ದು ಹೊರಗೆ ಕೇಳಿಸಬಾರದೆಂದು ಅತ್ತೆ ಮುದುಕಿ ತನ್ನ ಅಂಗಳದಲ್ಲಿ ಕೂತು ಒರಳಿನಲ್ಲಿ ಖಾರ ಕುಟ್ಟುತ್ತಿದ್ದಳು. ನಾವಿಬ್ಬರು ಆಚೆಯಿಂದೊಬ್ಬರು ಈಚೆಯಿಂದೊಬ್ಬರು ಹಾರೆಯಿಂದ ಮಣ್ಣು ಕೆದರುತ್ತಿದ್ದೆವು. ಎರಡನೇ ದಿನ ಮಧ್ಯಾಹ್ನ ಮುದುಕಿ ಸೀನಿ ಸೀನಿ ಸಾಕಾಗಿ ಕೂಗಿದಳು: "ಇನ್ನಾ ಆಗಿಲ್ಲೇನಬೇ? ವರ್ಷಕ್ಕ ಆಗುವಷ್ಟು ಖಾರ ಕುಟ್ಟೀನಿ, ನಿಮ್ಮದೊಂದು ತೂತು ಆಗವಲ್ದು!"

ಅದೇ ಹೊತ್ತಿಗೆ ಮಣ್ಣು ಉದುರಿ ಆಚೆಕಡೆಯ ಕಣ್ಣು ಕಂಡಿತು. "ಅಕ್ಕಾ, ನಿನ್ನ ಮೂಗು ಕಾಣ್ತು ನೋಡು. ಮೂಗಿನ ತುಂಬ ಮಣ್ಣು!" ಎಂದು ಆಕೆ ನಕ್ಕಳು. ಆ ದಿನಗಳಲ್ಲಿ ನಮ್ಮ ಎರಡೂ ಮನೆಗಳಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ ಎಂದು ನೆನಪು.

ಒಂದು ದಿನ ಓಣಿಯಲ್ಲಿ ಓಡುವ ಹೆಜ್ಜೆಗಳ ಸದ್ದು, ಹಿಂದೆಯೇ ಒಂದು ಲಾರಿಯ ಸದ್ದು. ನಾನು ಮಕ್ಕಳನ್ನು ಗುಮ್ಮಿಯ ಹಿಂದೆ ಕೂಡಿಸಿ ಕೂತೆ. ಕಂಡಿಯೊಳಗಿಂದ ಆಕೆ ಕೈ ಚಾಚಿದಳು. ಹಿಡಿದುಕೊಂಡೆ. ಲಾರಿ ನಿಲ್ಲದೆ ಹೋಯಿತು. ಹೋದ ಮೇಲೂ ಬಹಳ ಹೊತ್ತು ನಾವು ಕೈ ಬಿಡಲಿಲ್ಲ. ಆ ಕೈ ಯಾರನ್ನೂ ತಡೆಯುವಂಥದ್ದಲ್ಲ, ಬಳೆ ತೊಟ್ಟ ಸಣ್ಣ ಕೈ. ಆದರೆ ಮಕ್ಕಳ ಎದುರು ನಾನು ಅಳದೆ ಕೂತದ್ದು ಅದರಿಂದಲೇ. ಆ ಋಣ ನನ್ನ ಮೇಲೆ ಇತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗಂಡಸರು ಮರಳಿ ಬಂದರು. ಅಂಗಡಿ ತೆರೆಯಿತು, ಹೊಲದಲ್ಲಿ ಕುಂಟೆ ನಡೆಯಿತು. ಊರಿನ ಅಂಜಿಕೆ ಹೋಯಿತು ಎಂದು ಎಲ್ಲರೂ ಅಂದರು. ನಾನೂ ಹಾಗೇ ತಿಳಿದಿದ್ದೆ.

ಒಂದು ಸಂಜೆ ಆಚೆಮನೆಯಿಂದ ಬಟ್ಟೆ ಒಗೆಯುವಂಥ ಸದ್ದು ಕೇಳಿತು. ರೊಟ್ಟಿ ಬಡಿಯುತ್ತಿದ್ದವಳು ಹಾಗೇ ಬಡಿಯುತ್ತಾ ಹೋದೆ. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಒಲೆಯ ಮುಂದೆ ಯಾರು ಬಟ್ಟೆ ಒಗೆಯುತ್ತಾರೆ?

ಮರುದಿನ ಕೇಳಿದರೆ, "ಬಾಗಲಾ ಬಡೀತಕ್ಕಾ" ಎಂದಳು. ನಾನು ಮತ್ತೆ ಕೇಳಲಿಲ್ಲ. ಆಕೆಯ ಗಂಡ ಹೊರಗೆ ಬಹಳ ಒಳ್ಳೆಯವ. ಯಾರ ಎತ್ತಿಗೆ ಕಾಲು ನೋವಾದರೂ ಓಡಿ ಹೋಗುವವ, ಕಟ್ಟೆಯ ಮೇಲೆ ಕೂತರೆ ಎಲ್ಲರನ್ನೂ ನಗಿಸುವವ. ಮನೆಗೆ ಬಂದು ರೊಟ್ಟಿ ಆರಿದ್ದರೆ, ನೀರು ತಡವಾದರೆ, ಕೈ ಎತ್ತುವವ. ಮರುವರ್ಷ ಆಕೆಗೆ ನಾಲ್ಕು ತಿಂಗಳ ಬಸಿರು ಇಳಿದು ಹೋಯಿತು. ಹೇಗೆ ಎಂದು ನಾನು ಕೇಳಲಿಲ್ಲ, ಆಕೆ ಹೇಳಲಿಲ್ಲ. ನಮ್ಮ ಮನೆಯವರಿಗೆ ಹೇಳಿದೆ. "ಗಂಡ ಹೆಂಡ್ತಿ ಜಗಳ. ಮಂದಿ ಮನಿ ಉಸಾಬರಿ ನಮಗ್ಯಾಕ?" ಎಂದರು. ಸುಮ್ಮನಾದೆ. ನಿಜ ಹೇಳಬೇಕೆಂದರೆ ನನಗೂ ಅವನ ಅಂಜಿಕೆ ಇತ್ತು.

ಐವತ್ತರಲ್ಲಿ ಆಕೆ ಮತ್ತೆ ಬಸಿರಾದಳು. ಕಂಡಿಗೆ ಬಾಯಿ ಹಚ್ಚಿ ಮೆಲ್ಲಗೆ ಹೇಳಿದಳು: "ಅಕ್ಕಾ, ಇದಾದ್ರೂ ಉಳೀಬೇಕು."

ಅದಾಗಿ ವಾರವೂ ಆಗಿರಲಿಲ್ಲ. ಆಗಷ್ಟೇ ದೀಪ ಹಚ್ಚಿ ಹಣೆಗೆ ಇಬತ್ತಿ ಹಚ್ಚಿಕೊಂಡಿದ್ದೆ. ಆಚೆಕಡೆ ಅವನ ದನಿ ಏರಿತು, ಪಾತ್ರೆ ಉರುಳಿತು. ಏನು ಮಾಡಬೇಕೆಂದು ತಿಳಿಯದೆ ಓಡಿ ಹೋಗಿ ಕಂಡಿಗೆ ಮುಖ ಕೊಟ್ಟು, ಬಾಯಿಗೆ ಬಂದದ್ದನ್ನು ಕೂಗಿಬಿಟ್ಟೆ: "ತಂಗೀ, ಒಂದು ಹಿಡಿ ಉಪ್ಪು ಕೊಡವ್ವಾ!"

ಆಚೆಕಡೆ ಎಲ್ಲ ಸುಮ್ಮನಾಯಿತು. ದೀಪ ಹಚ್ಚಿದ ಮೇಲೆ ಉಪ್ಪು, ಸೂಜಿ, ಮೊಸರು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಕೊಟ್ಟರೆ ಅವುಗಳ ಜೊತೆ ಮನೆಯ ಲಕ್ಷ್ಮಿಯೂ ಹೋಗುತ್ತಾಳೆ ಎಂದು ನಮ್ಮ ಕಡೆಯ ನಂಬಿಕೆ. ಸಣ್ಣ ಮಕ್ಕಳಿಗೂ ಗೊತ್ತಿರುವ ಮಾತು. ಗಾಬರಿಯಲ್ಲಿ ನನಗೆ ಮರೆತಿತ್ತು.

ಮೊದಲು ಬಂದದ್ದು ಮುದುಕಿಯ ದನಿ. "ಏನಂದಿ? ದೀಪ ಹಚ್ಚಿದ ಮ್ಯಾಲೆ ಉಪ್ಪು ಕೇಳ್ತೀಯೇನ? ಗಂಡಂದು ಕಿರಾಣಿ ಅಂಗಡಿ, ಚೀಲಗಟ್ಟಲೆ ಉಪ್ಪು ಮಾರ್ತಾನ. ಹೆಂಡ್ತಿ ದೀಪದ ಹೊತ್ತಿನ್ಯಾಗ ಮಂದಿ ಮನಿ ಲಕ್ಷ್ಮೀನ ಬೇಡಾಕ ನಿಂತಾಳ! ನಿಮ್ಮವ್ವ ಏನು ಕಲಿಸ್ಯಾಳ ನಿನಗ?"

"ತಪ್ಪಾತ್ರೀ ಅವ್ವಾರ, ಮರೆತೆ."

"ಮರೀತಾಳಂತ! ನಾಳೆ ಉಣ್ಣೂದು ಮರೀತಿ!"

ಮುದುಕಿ ಬಿಡಲಿಲ್ಲ. ನನ್ನ ತವರು, ನನ್ನ ಸೊಸೆತನ, ಅಂಗಡಿಯ ಉಪ್ಪಿನ ಚೀಲ, ಒಂದೊಂದಕ್ಕೂ ಬೈದಳು. ಕೊನೆಗೆ ಮಗನೇ ನಕ್ಕ. "ಬಿಡಬೇ ಯವ್ವಾ, ಅಕ್ಕಾರಿಗೆ ಮಳ್ಳು ಹಿಡದೈತಿ" ಎಂದು ರೊಟ್ಟಿ ತಿಂದು ಹೊರಗೆ ಹೋದ. ಎತ್ತಿದ ಕೈ ಎಲ್ಲಿ ಇಳಿಯಿತೋ ಅವನಿಗೇ ತಿಳಿದಿರಲಿಕ್ಕಿಲ್ಲ. ನಾನು ಗುಮ್ಮಿಗೆ ಒರಗಿ ಕೂತೆ.

ಆಮೇಲೆ ಅದನ್ನೇ ರೂಢಿ ಮಾಡಿಕೊಂಡೆ. ದನಿ ಏರಿದಾಗೆಲ್ಲ ಒಮ್ಮೆ ಸೂಜಿ, ಒಮ್ಮೆ ಮೊಸರು, ಹೆಚ್ಚಾಗಿ ಉಪ್ಪು. ಕೇಳಬಾರದ್ದನ್ನೇ ಕೇಳಬೇಕು. ಹಗಲು ಕೇಳುವಂಥದ್ದನ್ನು ಕೇಳಿದರೆ ಮುದುಕಿ ಕೊಟ್ಟು ಸುಮ್ಮನಾಗುತ್ತಾಳೆ. ಕೇಳಬಾರದ್ದನ್ನು ಕೇಳಿದರೆ ಅರ್ಧ ಗಂಟೆಯ ಬೈಗುಳ. ಆ ಅರ್ಧ ಗಂಟೆ ನನಗೆ ಬೇಕಾಗಿತ್ತು. ಓಣಿಯಲ್ಲಿ ನನಗೆ 'ಉಪ್ಪಿಲ್ಲದಾಕಿ' ಎಂದು ಹೆಸರು ಬಿತ್ತು. ಅಂಗಡಿಗೆ ಬಂದವರು ನಮ್ಮ ಮನೆಯವರನ್ನು ಕೆಣಕಿದರು: "ಏನ್ರೀ ಸಾವ್ಕಾರ್ರ, ಮನಿಗಿ ಒಂದಿಷ್ಟು ಉಪ್ಪು ಒಯ್ರಲಾ!" ಅವರು ಬಂದು ನನ್ನ ಮೇಲೆ ಸಿಡಿದರು. ನಾನು ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ನಾನು ಬೇಕೆಂದೇ ಕೇಳುತ್ತಿದ್ದೇನೆಂದು ನಾಲ್ಕನೇ ಸಲಕ್ಕೋ ಐದನೇ ಸಲಕ್ಕೋ ಅವನಿಗೆ ತಿಳಿಯಿತು. ಕಂಡಿ ಮುಚ್ಚಲು ಹೆಂಡತಿಗೆ ಹೇಳಿದ. ಗೋಡೆಗೆ ಮಣ್ಣು ಮೆತ್ತುವುದು, ಸೆಗಣಿ ಸಾರಿಸುವುದು ನಮ್ಮಲ್ಲಿ ಹೆಂಗಸರ ಕೆಲಸ. ಗಂಡಸರು ಅದಕ್ಕೆ ಕೈ ಹಚ್ಚುವುದಿಲ್ಲ. ಆಕೆ ಹಳೆಯ ಗೋಣಿಚೀಲದ ತುಂಡನ್ನು ಕಂಡಿಯ ಬಾಯಿಗೆ ಬಿಗಿದು, ಅದರ ಮೇಲೆ ಬೆರಳು ದಪ್ಪವೂ ಇಲ್ಲದ ಮಣ್ಣು ಎಳೆದು, ಮೇಲೆ ಚೆಂದಾಗಿ ಸಾರಿಸಿದಳು. ಅವನು ಬಂದು ನೋಡಿ, "ಈಗ ಮನಿ ಮನಿಯಂಗ ಆತು" ಅಂದನಂತೆ. ಹೊಲ ಬಲ್ಲ, ಎತ್ತು ಬಲ್ಲ. ಗೋಡೆ ಅವನಿಗೆ ತಿಳಿಯದು. ಸಾರಿಸಿದ್ದೆಲ್ಲ ಗೋಡೆ ಎಂದು ತಿಳಿದ. ನಮ್ಮ ಕಡೆ ನಾನು ಏನೂ ಮುಚ್ಚಲಿಲ್ಲ.

ಆಕೆಗೆ ಏಳು ತಿಂಗಳು ತುಂಬಿತ್ತು. ತವರಿಗೆ ಕರೆದೊಯ್ಯಲು ಸಾಲಗುಂದದವರು ಮುಂದಿನ ವಾರ ಬರುವವರಿದ್ದರು. ದೀಪ ಹಚ್ಚಿದ ಹೊತ್ತು. ಅಂದು ಅವನು ಕೂಗಲಿಲ್ಲ, ಮೆಲ್ಲಗೆ ಮಾತಾಡುತ್ತಿದ್ದ. ಆಕೆ ಹೆಚ್ಚು ಅಂಜುತ್ತಿದ್ದದ್ದು ಆ ದನಿಗೇ. ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. "ಬ್ಯಾಡ್ರಿ, ಹೊಟ್ಟಿ ಐತ್ರಿ" ಎಂದು ಆಕೆ ಅಂದದ್ದು ಕೇಳಿತು. ನಾನು ಕೂಗಿದೆ. ಯಾರೂ ಓಗೊಡಲಿಲ್ಲ.

ಕೈಗೆ ಸಿಕ್ಕ ತಾಮ್ರದ ಬಟ್ಟಲು ಹಿಡಿದು, ಕಂಡಿಯೊಳಗೆ ಕೈ ಇಟ್ಟು ದೂಡಿದೆ. ಗೋಣಿ ಕಿತ್ತು ಬಂತು, ಆಚೆಕಡೆ ಮಣ್ಣಿನ ಹೆಂಟೆ ಬಿದ್ದ ಸದ್ದಾಯಿತು. ನನ್ನ ಕೈ ಮಣಿಕಟ್ಟು ದಾಟಿ ಅವರ ಮನೆಯಲ್ಲಿತ್ತು. ನಾನು ಈಚೆಗೆ, ಬಗ್ಗಿ ಗೋಡೆಗೆ ಕೆನ್ನೆ ಹಚ್ಚಿ ನಿಂತಿದ್ದೆ. ಆಚೆ ಏನಾಗುತ್ತಿದೆ, ಕಾಣದು. ಅವನು ಆ ಕೈ ಹಿಡಿದು ತಿರುವಿದರೆ? ಒಲೆಯಲ್ಲಿ ಕೊಳ್ಳಿ ಇದೆ, ಅದನ್ನೇ ಇಟ್ಟರೆ? ಉಪ್ಪು ಕೇಳಬೇಕು ಎಂದುಕೊಂಡರೆ ನಾಲಿಗೆ ಹೊರಳಲಿಲ್ಲ. ಬಳೆಗಳು ಮಾತ್ರ ಬಟ್ಟಲಿಗೆ ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಅಷ್ಟು ಅಂಜಿಕೆ ನಲವತ್ತೆಂಟರಲ್ಲೂ ನನಗೆ ಆಗಿರಲಿಲ್ಲ. ಆದರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಬಟ್ಟಲು ಭಾರವಾಯಿತು. ಹರಳುಪ್ಪು ಬಿದ್ದ ಸದ್ದು.

"ತಗೋ, ಉಪ್ಪು" ಎಂದಳು ಮುದುಕಿ. "ಇನ್ನೊಂದು ಹಿಡಿ ಬೇಕಂದ್ರೂ ಕೇಳು." ಆಮೇಲೆ ಮಗನಿಗೆ: "ನೀ ಹೊರಗ ಹೋಗಿ ಕಟ್ಟಿ ಮ್ಯಾಲೆ ಕುಂದ್ರಲೇ. ಆಕಿ ಮೈಮ್ಯಾಲೆ ಕೈ ಹೋತಂದ್ರ ನಡು ಓಣ್ಯಾಗ ನಿಂತು ನಿನ್ನ ಹೆಸರು ಹಿಡದು ಒದರ್ತೀನಿ. ಲಕ್ಷ್ಮಿ ಹೋದ್ರ ಹೋಗ್ಲಿ. ಮೊಮ್ಮಗು ಉಳೀಲಿ."

ಬಾಗಿಲ ಸದ್ದಾಯಿತು. ಅವನು ಹೋಗಿದ್ದ.

ಮರುದಿನ ಕಂಡಿಯಲ್ಲಿ ಮುದುಕಿಯ ಮುಖ ಕಂಡಿತು. ನಾನು ಆಕೆಯ ಕಾಲು ಮುಟ್ಟಲಾರೆ, ನಡುವೆ ಗೋಡೆ, ಕೈ ಮುಗಿದೆ. "ಕೈ ಯಾಕ ಮುಗೀತಿ?" ಎಂದಳು. "ನನ್ನ ಗಂಡ ನನ್ನ ಬಡಿಯೂವಾಗ ಈ ಗ್ವಾಡಿ ಗಟ್ಟಿ ಇತ್ತು." ಅಷ್ಟೇ ಹೇಳಿ ಒಲೆಯ ಕಡೆ ಹೋದಳು.

ಅವನು ಅವತ್ತೇ ನಮ್ಮ ಮನೆಗೆ ಬಂದು ನಮ್ಮ ಮನೆಯವರ ಮುಂದೆ ನಿಂತ. "ಅಣ್ಣಾರ, ನಿಮ್ಮ ಮನಿಯಾಕಿ ನಮ್ಮ ಗ್ವಾಡಿ ಒಡದಾರ."

ನಾನು ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದೆ. ಪರ ಗಂಡಸಿನ ಎದುರು ಹಾಗೆ ನಿಂತು ಮಾತಾಡಿದ್ದು ಅದೇ ಮೊದಲು. "ಹೌದ್ರೀ, ನಾನೇ ಒಡದೀನಿ" ಎಂದೆ. ನಮ್ಮ ಮನೆಯವರ ಕಡೆ ತಿರುಗಿ, "ನೀವು ಗಡಿ ಆಚಿ ಇದ್ದಾಗ ಆಚಿಮನಿ ತಂಗಿ ಕೈ ಹಿಡಕೊಂಡು ಕುಂತು ನಿಮ್ಮ ಮಕ್ಕಳನ್ನ ಕಾಯ್ದೀನಿ. ಈಗ ಆಕಿ ಅಳೂದು ಕೇಳಿ ಸುಮ್ಮ ಕೂಡೂದು ನನ್ನಿಂದ ಆಗಂಗಿಲ್ಲ" ಎಂದೆ.

ನನಗಿನ್ನು ಬೈಗುಳ ಕಾದಿದೆ ಎಂದುಕೊಂಡೆ. "ಗ್ವಾಡಿ ಅರ್ಧ ನಂದೈತಿ ತಮ್ಮಾ" ಎಂದರು ನಮ್ಮ ಮನೆಯವರು ಅವನಿಗೆ. "ನನ್ನ ಅರ್ಧದಾಗ ಕಂಡಿ ಇರ್ತೈತಿ. ಅದರಾಗಿಂದ ನನಗೂ ಕೇಳಸ್ತೈತಿ, ತಿಳೀತಿಲ್ಲ?" ಅವನು ತಲೆ ತಗ್ಗಿಸಿ ಹೋದ. ಅವನು ಹೋದ ಮೇಲೆ ನನಗೆ ಅವರು ಹೇಳಿದ್ದು ಇಷ್ಟು: "ಉಪ್ಪು ಅಲ್ಲದ ಬ್ಯಾರೆ ಏನರ ಕೇಳಬಾರದಿತ್ತಾ? ಅಂಗಡಿ ಮಾನ ಹೋತು."

ತಂಗಿ ಸಾಲಗುಂದದಲ್ಲಿ ಹೆಣ್ಣು ಹಡೆದಳು. ಐದು ತಿಂಗಳ ಮೇಲೆ ಕೂಸನ್ನು ಕರೆತಂದಾಗ ಮೊದಲು ಕಂಡಿಗೆ ತಂದು ತೋರಿಸಿದಳು. ಅವಳ ಗಂಡ ಒಂದೇ ದಿನಕ್ಕೆ ಬದಲಾದ ಎಂದು ನಾನು ಹೇಳುವುದಿಲ್ಲ. ಆಮೇಲೂ ಎರಡು ಸಲ ಕೈ ಎತ್ತಿದ್ದು ನನಗೆ ಗೊತ್ತು. ಎರಡು ಸಲವೂ ಮುದುಕಿ ಓಣಿಗೆ ಬಂದು ನಿಂತಳು. ಮೂರನೆಯ ಸಲ ಆಗಲಿಲ್ಲ.

ಐವತ್ತಾರರಲ್ಲಿ ನಮ್ಮ ಮನೆಯವರು ಲಿಂಗಸುಗೂರಿನಲ್ಲಿ ಅಂಗಡಿ ಹಿಡಿದರು. ನಮ್ಮ ಮನೆಗೆ ಸಿಂಧನೂರಿನಿಂದ ಬದಲಿಯಾಗಿ ಬಂದ ಮಾಸ್ತರರೊಬ್ಬರು ಬಂದರು. ಅಷ್ಟರಲ್ಲಿ ಮುದುಕಿ ತೀರಿಕೊಂಡು ವರ್ಷವಾಗಿತ್ತು. ಸಾಮಾನು ಬಂಡಿಗೆ ಏರುತ್ತಿದ್ದರೂ ನನ್ನ ಜೀವ ಆ ಗೋಡೆಯ ಹತ್ತಿರವೇ ಇತ್ತು. ಮಾಸ್ತರರ ಹೆಂಡತಿಯನ್ನು ಕೈ ಹಿಡಿದು ಕರೆದೊಯ್ದು ಕಂಡಿ ತೋರಿಸಿದೆ; ಇದು ಯಾಕೆ, ಯಾವಾಗ ಏನು ಕೇಳಬೇಕು, ಎಲ್ಲ ಹೇಳಿದೆ. ಆಕೆ ಬಹಳ ಎಳೆಯಳು. "ನನಗ ಅಂಜಿಕಿ ಬರ್ತೈತ್ರೀ ಅಕ್ಕಾರ" ಎಂದಳು.

"ನನಗೂ ಬರತಿತ್ತವ್ವಾ" ಎಂದೆ.

ಆಚೆಯಿಂದ ತಂಗಿ ಕೇಳಿಸಿಕೊಂಡಿದ್ದಳು. "ಯಾಕಕ್ಕಾ, ಬಂದ ದಿನಾನ ಆಕೀನ ಅಂಜಸ್ತಿ? ಆಕಿ ಏನೂ ಕೇಳೂದು ಬ್ಯಾಡ. ಬೇಕಾದ್ರ ಈಗ ನಾನೇ ಒದರ್ತೀನಿ. ಆಕಿ ಒಂದು ಓ ಅಂದ್ರ ಸಾಕು."

ಎಂಟು ವರ್ಷದಲ್ಲಿ ಆಕೆಯ ದನಿ ಅಷ್ಟು ಗಟ್ಟಿಯಾಗಿ ಆ ಕಂಡಿಯಿಂದ ಬಂದದ್ದನ್ನು ನಾನು ಕೇಳಿರಲಿಲ್ಲ. ಕಣ್ಣು ತುಂಬಿ ಬಂದವು, ಸೆರಗಿನಿಂದ ಒರೆಸಿಕೊಂಡೆ. ಅಷ್ಟರಲ್ಲಿ ಮಾಸ್ತರರ ಹೆಂಡತಿ ಬಗ್ಗಿ, ಸಿಹಿನೀರಿನ ಬಾವಿಗೆ ಯಾವಾಗ ಹೋಗುತ್ತೀರಿ ಎಂದು ಆಕೆಯನ್ನು ಕೇಳಿದಳು. ಇಬ್ಬರಿಗೂ ಮಾತು ಹತ್ತಿತು. ಬಾವಿಯ ಹಗ್ಗದ ಮಾತು, ಅಗಸರ ಮಾತು, ಮಗಳ ಬಿದ್ದ ಹಲ್ಲಿನ ಮಾತು. ಹೊರಗೆ ನಮ್ಮ ಮನೆಯವರು ಹೊತ್ತಾಯಿತೆಂದು ಕರೆಯುತ್ತಿದ್ದರು. ಆ ಇಬ್ಬರ ಮಾತನ್ನು ನಡುವೆ ಮುರಿಯಬಾರದೆಂದು, ಹೇಳದೆಯೇ ಬಂದು ಬಂಡಿ ಹತ್ತಿದೆ.