ಕರೆಂಟಿನ ಗದ್ದಲ ಹಿಡಿಯೋ ಲಾಂಬರ್ಟ್

ಜರ್ಮನಿಯ ನಮ್ಮ ಐಫೆಲ್ ಬೆಟ್ಟದ ರೇಡಿಯೋ ಟೆಲಿಸ್ಕೋಪು ನಕ್ಷತ್ರಗಳ ಪಿಸುಮಾತು ಕೇಳ್ತಾ ಕೂತಿರುತ್ತೆ. ಊರಿನ ಕರೆಂಟ್ ಸಾಮಾನುಗಳಿಂದ ಹೊರಟು ಅದಕ್ಕೆ ಅಡ್ಡ ಬರೋ ಕರೆಂಟಿನ ಗದ್ದಲ ಹಿಡಿಯೋದು ಲಾಂಬರ್ಟನ ಕೆಲಸ. ವ್ಯಾನ್ ಮೇಲೆ ಆಂಟೆನಾ ತಿರುಗಿಸ್ಕೊಂಡು ಅವನು ಬಂದ ಅಂದ್ರೆ ದನದ ಕರೆಂಟ್ ಬೇಲಿನೂ ಉಸಿರು ಬಿಗಿಹಿಡಿಯುತ್ತೆ. "ಮಿಂಚುಹುಳಕ್ಕೂ ಲೈಸೆನ್ಸ್ ಬೇಕೇನಯ್ಯಾ?" ಅಂತ ಬೇಕರಿಯವಳು ಕಿಚಾಯಿಸಿದ್ರೆ, "ಅದು ಸುಮ್ನಿರುತ್ತಮ್ಮ, ಗೊರಕೆ ಹೊಡೆಯೋದು ನಿನ್ನ ಓವನ್ನು" ಅಂತಾನೆ. ಹೋದ ಚಳಿಗಾಲ ಆಂಟೆನಾ ಅಪೊಲೋನಿಯಾ ಅಜ್ಜಿಯ ಹಾಸಿಗೆ ಕಡೆಗೇ ತೋರಿಸ್ತು. ಅವಳ ಮೈ ಬೆಚ್ಚಗಿಡೋ ಕರೆಂಟ್ ಕಂಬಳಿ ಒಳಗೊಳಗೇ ಕಿಡಿ ಕಾರ್ತಿತ್ತು. "ಇದಿಲ್ದೆ ಈ ಮಂಡಿನೋವಲ್ಲಿ ಹೆಂಗೆ ಮಲಗ್ಲೋ ಮಗಾ?" ಅಂದ್ಲು. ಕಾನೂನು ಕಾನೂನೇ, ಕಂಬಳಿ ಎತ್ಕೊಂಡೇ ಹೋದ. ಅವತ್ತಿಂದ ದಿನಾ ಸಂಜೆ ಅವಳ ಸೌದೆ ಒಲೇಲಿ ನೀರು ಕಾಯಿಸಿ, ರಬ್ಬರ್ ಚೀಲಕ್ಕೆ ತುಂಬಿ, ಅವಳ ಮಂಡಿ ಮೇಲಿಟ್ಟು, ಅಜ್ಜಿ ನಿಜವಾಗ್ಲೂ ಗೊರಕೆ ಹೊಡೆದ ಮೇಲೇ ಮನೆಗೆ ಹೋಗ್ತಾನೆ.