ಕಲ್ಲು ಇಳಿಯಲು ಎಷ್ಟು ಹೊತ್ತು?

ಹೋದ ತಿಂಗಳು ಒಂದು ಗೂಬೆ ನನ್ನ ತಪ್ಪು ಹಿಡಿಯಿತು.

ಗಾಬರಿಯಾಗಬೇಡಿ. ಇಂಟರ್ನೆಟ್‌ನಲ್ಲಿ ಫಿಸಿಕ್ಸ್, ಗಣಿತದ ಸಮಸ್ಯೆಗಳನ್ನು ಚರ್ಚಿಸುವ ಒಂದು ಫೋರಂ ಇದೆ. ಅಲ್ಲಿ ಯಾರೂ ನಿಜ ಹೆಸರು ಹೇಳುವುದಿಲ್ಲ. ಒಬ್ಬರು ತಮ್ಮನ್ನು ಗೂಬೆ ಎಂದು ಕರೆದುಕೊಂಡಿದ್ದಾರೆ (ನಮ್ಮಲ್ಲಿ ಬೈಗುಳ, ಅವರ ಕಡೆ ಬುದ್ಧಿವಂತಿಕೆಯ ಗುರುತಂತೆ). ನನ್ನದು ಬರೀ ಎರಡು ಇನಿಷಿಯಲ್. ಗಂಡಸೆಂದುಕೊಂಡು ಎಲ್ಲರೂ ನನ್ನನ್ನು 'ಸರ್' ಎನ್ನುತ್ತಾರೆ. ನಾನು ತಿದ್ದಿಲ್ಲ. ಅದರಿಂದ ಲೆಕ್ಕಕ್ಕೆ ಏನಾಗಬೇಕು?

ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವುದು ನನ್ನ ಕೆಲಸ. ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹಾಸನಕ್ಕೆ ಹೋಗಿ ಸೈಬರ್ ಕೆಫೆಯಲ್ಲಿ ಕೂರುತ್ತೇನೆ.

"ಅಷ್ಟು ಹೊತ್ತು ಯಾರ ಜೊತೆ ಮಾತಾಡ್ತೀಯೇ?" ಅಮ್ಮ ಕೇಳುತ್ತಾಳೆ.

"ಯಾರು ಅಂತ ಗೊತ್ತಿಲ್ಲಮ್ಮ."

"ಚೆನ್ನಾಗಿದೆ. ನಿನ್ನ ಜಾತಕ ಕೇಳಿದೋರಿಗೂ ಹಾಗೇ ಹೇಳ್ತೀನಿ."

ವಿಷಯಕ್ಕೆ ಬರುತ್ತೇನೆ. ಕಲ್ಲನ್ನು ನೇರ ಮೇಲಕ್ಕೆ ಎಸೆದರೆ ಏರಲು ಎಷ್ಟು ಹೊತ್ತೋ ಇಳಿಯಲೂ ಅಷ್ಟೇ ಹೊತ್ತು. 'ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ' ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ. ಒಂದು ಮಂಗಳವಾರ ಫಸ್ಟ್ ಪಿಯುಸಿಯ ಶೋಭಾ ಓದಿಬಿಟ್ಟಳು.

"ಗಾಳೀನೂ ತಗೊಂಡ್ರೆ ಏನಾಗುತ್ತೆ ಮಿಸ್?"

ನಾನು ಯೋಚಿಸಲೇ ಇಲ್ಲ. "ಹೋಗುವಾಗಲೂ ತಡೆಯುತ್ತೆ, ಬರುವಾಗಲೂ ತಡೆಯುತ್ತೆ. ಎರಡೂ ಸಮ" ಎಂದೆ.

"ಶಟಲ್ ಕಾಕು ಹೊಡೆದ್ರೆ ಝುಂ ಅಂತ ಮ್ಯಾಕೆ ಓಯ್ತದೆ, ಬರುವಾಗ ನಿಧಾನಕ್ಕೆ ಬತ್ತದೆ. ಇಳಿಯೋಕೇ ಜಾಸ್ತಿ ಒತ್ತು ಅಲ್ವಾ ಮಿಸ್?"

"ಅದು ಗರಿ. ಇದು ಕಲ್ಲು. ಕೂತ್ಕೋ."

ಕ್ಲಾಸ್ ನಕ್ಕಿತು. ಹಿಂದಿನ ಬೆಂಚಿನಿಂದ "ಕಾಕು, ಕಾಕು" ಎಂದು ಒಂದು ದನಿಯೂ ಬಂತು. ನಾನು ಬೋರ್ಡಿನ ಕಡೆ ತಿರುಗಿಕೊಂಡೆ.

ಶನಿವಾರ ಶೋಭಾಳ ಅಪ್ಪ ಸ್ಟಾಫ್ ರೂಮಿಗೆ ಬಂದರು. ಮೊಸಳೆ ಎಂಬ ಊರಿನ ಕಡೆಯ ರೈತರು. ಕೈಯಲ್ಲಿ ಅರ್ಜಿ. ಹಿಂದೆ ನೆಲ ನೋಡುತ್ತ ಮಗಳು.

"ಇವಳ್ನ ಆರ್ಟ್ಸ್‌ಗೆ ಆಕ್ಬುಡಿ ಮೇಡಮ್ಮೋರೆ. ಫಿಸಿಕ್ಸು ತಲೆಗೆ ಅತ್ತಲ್ಲ ಅಂತವ್ಳೆ. ಕ್ಲಾಸಲ್ಲಿ ಅದೇನೋ ಕೇಳುದ್ಲಂತೆ, ಎಲ್ಲಾರೂ ನಕ್ಬುಟ್ರಂತೆ. ಈಗ ಬಸ್ಸಲ್ಲೂ ಕಾಕು ಅಂತ ಕರೀತಾವಂತೆ ಉಡುಗ್ರು."

ಸೆಕ್ಷನ್ ಬದಲಿಸಲು ಬುಧವಾರ ಕೊನೇ ದಿನ. ಅರ್ಜಿಗೆ ನನ್ನ ಸಹಿ ಬೇಕು. "ಸೋಮವಾರ ನೋಡೋಣ, ಬಿಟ್ಟುಹೋಗಿ" ಎಂದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಶಾಲೆಗೇ ಮೊದಲು ಬಂದ ಹುಡುಗಿ ಅದು. ಮೊದಲ ಬಾರಿಗೆ ಒಂದು ಅನುಮಾನ ಚುಚ್ಚಿತು. ನಾನು ಹೇಳಿದ್ದು ಸರಿಯೇ?

ಭಾನುವಾರ ಹಾಸನ. ಫೋರಂನಲ್ಲಿ ಒಂದು ಪದ್ಧತಿ ಇದೆ. ಸುಮ್ಮನೆ ಉತ್ತರ ಕೇಳುವಂತಿಲ್ಲ. ಮೊದಲು ನೀವು ಏನು ಯೋಚಿಸಿದಿರಿ ಎಂದು ತೋರಿಸಬೇಕು. ನನ್ನ ವಾದವನ್ನು ಐದು ಸಾಲಿನಲ್ಲಿ ಟೈಪ್ ಮಾಡಿದೆ. ಹತ್ತು ನಿಮಿಷಕ್ಕೆ ಗೂಬೆ ಬಂತು.

'ಸರ್, ನಾಲ್ಕನೇ ಸಾಲು ಹೇಗೆ ಬಂತು?'

ನಾಲ್ಕನೇ ಸಾಲು: ತಡೆ ಎರಡೂ ಕಡೆ ಇರುವುದರಿಂದ ಹೊತ್ತು ಸಮ. 'ಅದು ಸ್ಪಷ್ಟವಾಗಿಯೇ ಇದೆಯಲ್ಲ' ಎಂದು ಬರೆದೆ.

'ಸ್ಪಷ್ಟವಾಗಿದ್ದರೆ ಸಾಧಿಸುವುದು ಸುಲಭ. ಸಾಧಿಸಿ.'

ಅರ್ಧ ಗಂಟೆ ಒದ್ದಾಡಿದೆ. ಆಗಲಿಲ್ಲ. (ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ರೈಲ್ವೆ ಟಿಕೆಟ್ ಬುಕ್ ಮಾಡಲು ನನಗಿಂತ ಹೆಚ್ಚು ಒದ್ದಾಡುತ್ತಿದ್ದರು. ಅದೇ ಸಮಾಧಾನ.) ಕೊನೆಗೆ ಗೂಬೆ ಬರೆಯಿತು: 'ಯಾವುದಾದರೂ ಒಂದು ಎತ್ತರ ಆರಿಸಿಕೊಳ್ಳಿ. ಕಲ್ಲು ಅದನ್ನು ಎರಡು ಸಲ ದಾಟುತ್ತದೆ, ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ. ನಡುವೆ ಗಾಳಿ ಅದರ ಶಕ್ತಿಯನ್ನು ಒಂದಿಷ್ಟು ತಿಂದಿದೆ. ಹಾಗಾದರೆ ಎರಡನೇ ಸಲ ವೇಗ?'

ಕಡಿಮೆ.

'ಇದು ಎಲ್ಲ ಎತ್ತರಕ್ಕೂ ನಿಜ ತಾನೆ? ಹಾಗಾದರೆ ಇಳಿಯುವ ಹೊತ್ತು?'

ಹೆಚ್ಚು! ದಾರಿಯುದ್ದಕ್ಕೂ ನಿಧಾನವಾಗಿ ಬಂದರೆ ತಡವಾಗದೆ ಇನ್ನೇನು? ಒಂದು ಸೂತ್ರವಿಲ್ಲ, ಒಂದು ಕ್ಯಾಲ್ಕುಲಸ್ ಇಲ್ಲ. ಗರಿಗೂ ಅದೇ, ಕಲ್ಲಿಗೂ ಅದೇ. ಮೈ ಜುಂ ಎಂದಿತು. ಸೋತವಳಿಗೆ ಇಷ್ಟು ಖುಷಿಯಾಗಬಹುದು ಎಂದು ನನಗೆ ಗೊತ್ತಿರಲಿಲ್ಲ.

ಆ ಫೋರಂನಲ್ಲಿ ತಪ್ಪನ್ನು ಅಳಿಸಲು ಬಿಡುವುದಿಲ್ಲ. ತಪ್ಪು ಹಾಗೇ ಇರಬೇಕು, ಕೆಳಗೆ ಎಲ್ಲಿ ಎಡವಿದೆ ಎಂದು ಬರೆಯಬೇಕು. ಬರೆದೆ: 'ನಾಲ್ಕನೇ ಸಾಲು ತಪ್ಪು. ನನ್ನ ವಿದ್ಯಾರ್ಥಿನಿ ಹೇಳಿದ್ದೇ ಸರಿ.'

ವಾಪಸ್ ಬಸ್ಸಿನಲ್ಲಿ ಪಕ್ಕದ ಹೂವಿನ ಬುಟ್ಟಿಯ ಹೆಂಗಸು ಬಹಳ ಹೊತ್ತು ನನ್ನನ್ನೇ ನೋಡಿ, "ಏನವ್ವ, ಒಬ್ಬಳೇ ನಗ್ತಿದೀಯ? ಗಂಡು ಒಪ್ಕಂಡ್ನಾ?" ಎಂದರು. ಏನು ಹೇಳಲಿ? ಹೂಂ ಎಂದೆ.

ಸೋಮವಾರ ಸ್ಟಾಫ್ ರೂಮಿನಲ್ಲಿ ಹಿರಿಯ ಲೆಕ್ಚರರ್ ಒಬ್ಬರಿಗೆ ವಿಷಯ ಹೇಳಿದೆ. ಅವರಿಗೆ ಹಿಡಿಸಲಿಲ್ಲ. "ಯಾಕಮ್ಮ ಕೆದಕ್ತೀರಿ? ಪರೀಕ್ಷೆಗೆ ಬರಲ್ಲ. ಒಂದು ಸಲ ತಪ್ಪು ಅಂತ ಒಪ್ಕೊಂಡ್ರೆ, ಆಮೇಲೆ ನೀವು ಹೇಳಿದ್ದಕ್ಕೆಲ್ಲ ಅನುಮಾನ ಪಡ್ತಾರೆ."

ಪಡಬೇಕಲ್ಲವೇ? ಫಿಸಿಕ್ಸ್ ಎಂದರೆ ಮತ್ತೇನು?

ಕ್ಲಾಸಿಗೆ ಹೋಗಿ ಆ ಐದು ಸಾಲನ್ನೂ ಬೋರ್ಡಿನ ಮೇಲೆ ಬರೆದೆ. "ಇದು ಮಂಗಳವಾರ ನಾನು ಹೇಳಿದ್ದು. ಇದರಲ್ಲಿ ಒಂದು ಸಾಲು ತಪ್ಪು. ಹುಡುಕಿ." ಮಿಸ್ ಬರೆದದ್ದರಲ್ಲಿ ತಪ್ಪು ಹುಡುಕುವುದು ಎಂದರೇನು ಎಂಬಂತೆ ಎಲ್ಲರೂ ನೋಡಿದರು. ಕೊನೆಗೆ ನಾನೇ ನಾಲ್ಕನೇ ಸಾಲಿನ ಕೆಳಗೆ ಗೆರೆ ಎಳೆದೆ. ಗೂಬೆಯ ವಾದವನ್ನು ಹೇಳಿದೆ. "ಶೋಭಾ ಸರಿ. ನಾನು ತಪ್ಪು. ಅವಳನ್ನು ಕೂರಿಸಿದ್ದು ಇನ್ನೂ ದೊಡ್ಡ ತಪ್ಪು."

ಶೋಭಾ ತಲೆ ಎತ್ತಲಿಲ್ಲ. ಬರೆದುಕೊಳ್ಳುತ್ತಲೇ ಇದ್ದಳು.

ಮಂಗಳವಾರ ಏನೂ ಇಲ್ಲ. ಬುಧವಾರ ಸಹಿ ಮಾಡಿದ ಅರ್ಜಿಯನ್ನು ಮೇಜಿನ ಮೇಲಿಟ್ಟುಕೊಂಡು ಸಂಜೆಯವರೆಗೆ ಕಾದೆ. ಒಯ್ಯಲು ಯಾರೂ ಬರಲಿಲ್ಲ.

ಗುರುವಾರ ಊಟದ ಬಿಡುವಿನಲ್ಲಿ ಅವಳೇ ಬಂದಳು.

"ಮಿಸ್, ನೀವು ಏಳಿದ್ದು ಗಾಳಿ ನಿಂತಿದ್ರೆ ಸರಿ. ಮ್ಯಾಲಿಂದ ಕೆಳಕ್ಕೆ ಬೀಸ್ತಿದ್ರೆ? ಕಲ್ಲು ಇಳಿಯುವಾಗ ಅದು ಶಕ್ತಿ ತಿನ್ನಲ್ಲ, ಕೊಡ್ತದೆ ಅಲ್ವಾ?"

ನಾನು ಪೆನ್ನು ಕೆಳಗಿಟ್ಟೆ. ಗಾಳಿ ನಿಂತಿದೆ ಎಂದು ಯಾರು ಹೇಳಿದ್ದರು? ನಾನೂ ಹೇಳಿರಲಿಲ್ಲ, ಗೂಬೆಯೂ ಹೇಳಿರಲಿಲ್ಲ. ಇಬ್ಬರೂ ಸುಮ್ಮನೆ ಹಾಗೆಂದುಕೊಂಡಿದ್ದೆವು.

"ಅರ್ಜಿ ತಗೊಂಡು ಹೋಗಲೇ ಇಲ್ವಲ್ಲ?" ಎಂದೆ.

"ಅಪ್ಪಂಗೆ ಬ್ಯಾಡ ಅಂದಿದೀನಿ. ಗಾಳಿ ವಿಷ್ಯ ಏಳಿ ಮಿಸ್."

"ಗೊತ್ತಿಲ್ಲ. ಭಾನುವಾರ ಕೇಳಿ ಹೇಳ್ತೀನಿ."

"ಅಲ್ಲೀವರ್ಗೂ ನಾವು ಸುಮ್ಕೆ ಕೂತಿರೋದಾ?"

ಪಕ್ಕದ ಕುರ್ಚಿ ಎಳೆದು ಕೊಟ್ಟೆ. ಬೆಲ್ ಹೊಡೆಯುವ ಹೊತ್ತಿಗೆ ಮೂರು ಹಾಳೆ ತುಂಬಿತ್ತು, ಉತ್ತರ ಇನ್ನೂ ಬಂದಿರಲಿಲ್ಲ.

ವಿದ್ಯಾರ್ಥಿಯ ಎದುರು 'ಗೊತ್ತಿಲ್ಲ' ಎನ್ನುವುದನ್ನು ನಾನು ಎಂ.ಎಸ್ಸಿ. ಮುಗಿದು ಮೂರು ವರ್ಷಕ್ಕೆ ಕಲಿತೆ. ನಿಮ್ಮ ಮೇಷ್ಟ್ರು ನಿಮಗೆ ಎಂದಾದರೂ ಹಾಗೆ ಹೇಳಿದ್ದರೇ?